ಒಳಗೆ ಬಿಟ್ಟ ಒಂದಿಂಚು

ಬೀದಿಯವರೆಲ್ಲ ಅವನನ್ನು ಇಂಚು ಟೈಲರ್ ಎಂದೇ ಕರೆಯುತ್ತಿದ್ದರು. ಅಂಗಿಯಾಗಲಿ ಪ್ಯಾಂಟಾಗಲಿ, ಒಳಮಡಿಕೆಯಲ್ಲಿ ಎರಡೂ ಬದಿಗೆ ಒಂದೊಂದು ಇಂಚು ಬಟ್ಟೆ ಬಿಡದಿದ್ದರೆ ಅವನಿಗೆ ಸಮಾಧಾನವೇ ಇಲ್ಲ. ನಾಳೆ ನೀವು ದಪ್ಪ ಆದರೆ ಬಿಚ್ಚಿ ಸಡಿಲ ಮಾಡಬಹುದಲ್ಲ ಎನ್ನುತ್ತಿದ್ದ. ಕಡ್ಡಿಯಂತಿದ್ದ ಗಿರಾಕಿಗೂ ಇದೇ ಮಾತು. ಕೇಳಿದವರು ಮುಖ ಗಂಟಿಕ್ಕುತ್ತಿದ್ದರು, ನಿಜ. ಆದರೆ ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಅವರೇ ಉಸಿರು ಬಿಗಿಹಿಡಿದು, ಅದೇ ಅಂಗಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬರುತ್ತಿದ್ದರು.

ಇಂಥವನು ಒಂದು ಗುರುವಾರ ತನ್ನ ಮನೆಯ ಕೈತೋಟದ ಮರದ ಗೇಟನ್ನು ಮುರಿದು ಹಾಕಿದ. ಬೇಕಂತಲೇ ಅಲ್ಲ. ಇಸ್ತ್ರಿ ಮಾಡಿದ ಬಟ್ಟೆಯನ್ನು ಎರಡೂ ಕೈಯಲ್ಲಿ ಹೊತ್ತು ಓಡಾಡುವಾಗ ಗೇಟನ್ನು ಕಾಲಿನಿಂದ ಒದ್ದು ತೆಗೆಯುವುದು ಅವನ ರೂಢಿ. ಇಪ್ಪತ್ತಾರು ವರ್ಷ ಒದೆ ತಿಂದ ಗೇಟು ಆವತ್ತು ಸಾಕಪ್ಪಾ ಸಾಕು ಎಂದು ಮಲಗಿಬಿಟ್ಟಿತು. ನಿಂತ ಪಟ್ಟಿಗಳು ಐದೂ ಗಟ್ಟಿಯಾಗಿಯೇ ಇದ್ದವು. ಅವನ್ನು ಹಿಡಿದಿದ್ದ ಮೇಲಿನ, ಕೆಳಗಿನ ಅಡ್ಡಪಟ್ಟಿಗಳು ಮಾತ್ರ ಲಟಕ್ಕನೆ ಮುರಿದಿದ್ದವು.

ಬೇರೆ ಯಾವ ಗೇಟಾಗಿದ್ದರೂ ಇಷ್ಟು ತಲೆಬಿಸಿ ಇರುತ್ತಿರಲಿಲ್ಲ. ಇದನ್ನು ಮಾಡಿಕೊಟ್ಟವರು ಅವನ ಮಾವ, ಅಂದರೆ ಹೆಂಡತಿಯ ಅಪ್ಪ. ಹೆಸರಾಂತ ಬಡಗಿ. ಫೋನ್ ಮಾಡಿದರೆ ಮೊದಲು ಗೇಟು ಹೇಗಿದೆ ಎಂದು ಕೇಳಿ, ಆಮೇಲೆ ಮಗಳು ಹೇಗಿದ್ದಾಳೆ ಎಂದು ಕೇಳುವ ಪೈಕಿ. ಮದುವೆಗೆ ಮೊದಲು ಆ ಮನುಷ್ಯ ಪಕ್ಕದ ಕೋಣೆಯಲ್ಲಿ ಆಡಿದ ಒಂದು ಮಾತು ಗೋಡೆ ದಾಟಿ ಇವನ ಕಿವಿಗೆ ಬಿದ್ದಿತ್ತು: "ಸೂಜಿಗಿಂತ ಭಾರದ್ದೇನಾದರೂ ಎತ್ತಿದ್ದಾನಾ ಈ ಹುಡುಗ?" ಅದು ಇವತ್ತಿಗೂ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಈಗ ನೋಡಿದರೆ ಮಾವ ಭಾನುವಾರ ಬೆಳಿಗ್ಗೆ ಬರುವವರಿದ್ದರು, ಒಂದು ವಾರ ಇರುವುದಕ್ಕೆ.

ಯಾರಾದರೊಬ್ಬ ಬಡಗಿಯನ್ನು ಕರೆಯಿರಿ ಎಂದಳು ಹೆಂಡತಿ. ಸುತ್ತಮುತ್ತಲ ಬಡಗಿಗಳೆಲ್ಲ ಮಾವನ ಶಿಷ್ಯರೇ. ಮೊದಲ ಮೊಳೆ ಇಳಿಯುವುದರೊಳಗೆ ಸುದ್ದಿ ಮುಟ್ಟಿರುತ್ತದೆ. ನಾನೇ ಮಾಡುತ್ತೇನೆ ಎಂದ ಟೈಲರ್. ಹೆಂಡತಿ ಒಳಗೆ ಹೋಗಿ ಗಾಯದ ಪಟ್ಟಿಯ ಡಬ್ಬ ತಂದು ಕಿಟಕಿಯಲ್ಲಿಟ್ಟಳು.

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಕೆಲಸಕ್ಕೆ ಕೂತ. ಕುತ್ತಿಗೆಯ ಟೇಪಿನಿಂದ ಎರಡು ಕಂಬಗಳ ನಡುವಿನ ಜಾಗ ಅಳೆದ: ಮೂವತ್ತಾರು ಇಂಚು. ಬಿಲ್ಲೆ ಸೀಮೆಸುಣ್ಣದಿಂದ ಹೊಸ ಹಲಗೆಯ ಮೇಲೆ ಗೆರೆ ಎಳೆದ. ಐದು ಪಟ್ಟಿಗಳನ್ನು ಅಂಗಿಯ ಗುಂಡಿಗಳಂತೆ ಸಮ ಅಂತರದಲ್ಲಿ ಜೋಡಿಸಿ, ಮೊದಲು ದಾರ ಸುತ್ತಿ ಕಚ್ಚಾ ಹೊಲಿಗೆ ಹಾಕಿಕೊಂಡ. ಮೊಳೆಗಳನ್ನು ಗುಂಡುಸೂಜಿಯಂತೆ ತುಟಿಯಲ್ಲಿ ಕಚ್ಚಿ ಹಿಡಿದ. ಬಾಯೆಲ್ಲ ತುಕ್ಕಿನ ರುಚಿ. ಸುತ್ತಿಗೆ ಮೂರು ಸಲ ಮೊಳೆಗೆ ಬಿದ್ದರೆ ಒಂದು ಸಲ ಹೆಬ್ಬೆರಳಿಗೆ. ಕಿಟಕಿಯ ಡಬ್ಬ ಅರ್ಧ ಖಾಲಿಯಾಯಿತು.

ಶನಿವಾರ ಸಂಜೆ ಗೇಟು ಎತ್ತಿ ಕಂಬಗಳ ನಡುವೆ ಇಡಲು ಹೋದ. ಹಿಡಿಸಲಿಲ್ಲ. ಗೇಟನ್ನು ಅಳೆದ. ಮೂವತ್ತೆಂಟು. ಎರಡೂ ಬದಿಗೆ ಒಂದೊಂದು ಇಂಚು, ಅವನಿಗೇ ಗೊತ್ತಿಲ್ಲದಂತೆ ಕೈ ತಾನಾಗಿ ಬಿಟ್ಟಿತ್ತು.

ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. "ಅಲ್ರೀ, ಮರಕ್ಕೆ ಯಾಕ್ರೀ ಒಳಮಡಿಕೆ? ಗೇಟೂ ದಪ್ಪ ಆಗುತ್ತಾ?"

ಟೈಲರ್ ಅಡ್ಡಪಟ್ಟಿಗಳ ಕೊನೆಗಳನ್ನು ಗರಗಸದಿಂದ ಕೊಯ್ದು ಸರಿಯಾಗಿ ಮೂವತ್ತಾರಕ್ಕೆ ತಂದ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಕೀಲು ಬಿಗಿದು, ಸೊಂಟದಿಂದ ಒಂದು ಗುದ್ದು ಕೊಟ್ಟ ಮೇಲೆ ಗೇಟು ಅಳತೆಯ ಕೋಟಿನಂತೆ ಕೂತಿತು. ಬೀದಿಗೆ ಕೇಳಿಸುವಂತೆ ಸೀಟಿ ಹಾಕುತ್ತಾ ಕೈ ತೊಳೆದುಕೊಂಡ.

ಬೆಳಗಿನ ಜಾವ ಸಣ್ಣಗೆ ಮಳೆ ಬಿತ್ತು. ಎಂಟು ಗಂಟೆಗೆ ಮಾವ ಬಂದು ಗೇಟು ತಳ್ಳಿದರು. ಅದು ಜಪ್ಪಯ್ಯ ಅನ್ನಲಿಲ್ಲ. ಒಳಗಿನಿಂದ ಅಳಿಯ ಎಳೆದ, ಹೊರಗಿನಿಂದ ಮಾವ ತಳ್ಳಿದರು, ನಡುವೆ ಹೆಂಡತಿ ಇಬ್ಬರಿಗೂ ಬುದ್ಧಿ ಹೇಳಿದಳು. ಕೊನೆಗೆ ಮಾವ ಚೀಲ ಕೆಳಗಿಟ್ಟು ಅಡ್ಡಪಟ್ಟಿಯ ಮೇಲೆ ಅಂಗೈ ಸವರಿದರು. ಮುಗೀತು ನನ್ನ ಕತೆ ಎಂದುಕೊಂಡ ಟೈಲರ್.

"ಗೇಟು ದಪ್ಪ ಆಗಿದೆ ಅಳಿಯಂದಿರೇ," ಎಂದರು ಮಾವ. "ನೆಂದರೆ ಮರ ಉಬ್ಬುತ್ತೆ. ನೀವು ಟೈಲರುಗಳು ಜಾಗ ಬಟ್ಟೆಯ ಒಳಗೆ ಬಿಡ್ತೀರಿ, ನಾವು ಬಡಗಿಗಳು ಮರದ ಹೊರಗೆ ಬಿಡ್ತೀವಿ. ಅಷ್ಟೇ ವ್ಯತ್ಯಾಸ. ಎಲ್ಲಿ, ಆ ಸೀಮೆಸುಣ್ಣ ಕೊಡಿ."

ಪಟ್ಟಿಗಳ ಸಂದಿಯಿಂದ ಬಿಲ್ಲೆ ದಾಟಿಸಿದ. ಮೇಲಿನ ಅಡ್ಡಪಟ್ಟಿಯ ಕೊನೆಯಲ್ಲಿ ಮಾವ ಗೆರೆ ಎಳೆದರು. ಗೆರೆ ಅಂಕುಡೊಂಕಾಗಿ ಓಡಿತು. ಹೆಬ್ಬೆರಳಿನಿಂದ ಒರೆಸಿ ಮತ್ತೆ ಎಳೆದರು, ಮತ್ತೂ ಹಾಗೇ. ಆಗ ಟೈಲರ್ ಆ ಕೈಯನ್ನು ಸರಿಯಾಗಿ ನೋಡಿದ. ಅದು ನಡುಗುತ್ತಿತ್ತು. ಇಪ್ಪತ್ತಾರು ವರ್ಷ ತಾನು ಹೆದರಿದ್ದು ಈ ಕೈಗೇ.

ಮಾವ ಬಿಲ್ಲೆಯನ್ನು ವಾಪಸು ಚಾಚಿ ದನಿ ತಗ್ಗಿಸಿದರು. "ನೀವೇ ಎಳೀರಿ. ನನ್ನ ಕೈಯಿಂದ ಆಗಲ್ಲ, ಎರಡು ವರ್ಷ ಆಯ್ತು. ಮಗಳಿಗೆ ಹೇಳಿಲ್ಲ."

ಟೈಲರ್ ಹೆಂಡತಿಯ ಕಡೆ ನೋಡದೆ ಗೆರೆ ಎಳೆದ, ಮೇಲೊಂದು, ಕೆಳಗೊಂದು. ಆ ಮಾತು ಕಿವಿಗೆ ಬಿದ್ದು ಅವಳಾಗಲೇ ತರಕಾರಿ ಮಡಿಯ ಕಡೆ ತಿರುಗಿಕೊಂಡು ಕಣ್ಣು ಒರೆಸಿಕೊಳ್ಳುತ್ತಿದ್ದಳು. ಮಾವ ಆಚೆಯಿಂದ ಗೇಟನ್ನು ಅಲುಗದಂತೆ ಹಿಡಿದುಕೊಂಡರು. ಒತ್ತಬೇಡಿ, ಗರಗಸ ತಾನೇ ತಿನ್ನುತ್ತದೆ ಎಂದು ಹೇಳಿಕೊಟ್ಟರು. ಬೆರಳಗಲದ ಎರಡು ತುಂಡು ಕೆಳಗೆ ಬಿದ್ದವು. ಗೇಟು ತೆರೆಯಿತು. ಮಾವ ಒಳಗೆ ಬಂದವರು ಬಾಗಿ ಒಂದು ತುಂಡು ಎತ್ತಿಕೊಂಡು, ಕೊಯ್ದ ಮುಖವನ್ನು ಬಹಳ ಹೊತ್ತು ನೋಡಿದರು.

"ಗೆರೆ ನೇರವಾಗಿದೆ," ಎಂದರು.

ಆ ಒಂದು ಮಾತಿಗೆ ಟೈಲರನ ಕಾಲು ಮಧ್ಯಾಹ್ನದವರೆಗೆ ನೆಲದ ಮೇಲೆ ನಿಲ್ಲಲಿಲ್ಲ.

ವಾರ ಕಳೆದು ಹೊರಡುವ ಮುನ್ನಾದಿನ ಮಾವ ತಾವಾಗಿಯೇ ಅಂಗಡಿಗೆ ಬಂದು, ಒಂದು ಅಂಗಿ ಹೊಲಿದುಕೊಡಿ ಎಂದರು. ಎದೆಯ ಸುತ್ತ ಟೇಪು ಹಿಡಿದಾಗ ಅಳತೆ ಪುಸ್ತಕದಲ್ಲಿದ್ದ ಅವರ ಹಳೆಯ ಅಂಕಿಗಿಂತ ಐದಿಂಚು ಕಮ್ಮಿ ಬಂತು. ಟೈಲರ್ ಹೊಸ ಅಂಕಿ ಬರೆದುಕೊಂಡ.

"ನಿಮ್ಮ ಆ ಒಂದಿಂಚು ಬಿಡಬೇಡಿ, ಬಟ್ಟೆ ದಂಡ," ಎಂದರು ಮಾವ. "ನಾನಿನ್ನು ದಪ್ಪ ಆಗ್ತೀನಾ?"

ಆಯ್ತು ಮಾವ ಎಂದು ತಲೆಯಾಡಿಸಿದ. ಅವರು ಆಚೆ ಹೋದ ಮೇಲೆ ಬಟ್ಟೆ ಹಾಸಿ ಗೆರೆ ಎಳೆದು, ಎರಡೂ ಬದಿಗೆ ಎರಡೆರಡು ಇಂಚು ಬಿಟ್ಟು ಕತ್ತರಿಸಿದ.