ವೀರಭದ್ರನ ಬಲಗೈ

ಹೂವು ಬಲಕ್ಕೆ ಬಿದ್ದದ್ದೇ ತಡ, ಕೊಟ್ರಯ್ಯ ಎದ್ದು ನಿಂತ ರಭಸಕ್ಕೆ ತಲೆ ಗಂಟೆಗೆ ಬಡಿದು, ರುಮಾಲು ಹಾರಿ ತೀರ್ಥದ ಕೊಳಗದಲ್ಲಿ ಕುಳಿತುಕೊಂಡಿತು. ಕಂಪ್ಲಿಯ ಅಕ್ಕಿ ವ್ಯಾಪಾರಿ, ಬಳ್ಳಾರಿಯ ಬಿಳಿ ಕಲೆಕ್ಟರೇ ಹೆಸರು ಹಿಡಿದು ಮಾತಾಡಿಸಿದ್ದ ಗಣ್ಯ; ಹೊಸಪೇಟೆಯ ಆ ಪುಟ್ಟ ಗುಡಿಯಲ್ಲಿ ಬೋಳು ತಲೆ ಸವರಿಕೊಳ್ಳುತ್ತ ನಿಂತ. ಆದರೂ ಮುಖದ ತುಂಬ ಹಿಗ್ಗು.

ಹಿಗ್ಗಿಗೆ ಕಾರಣ ಅವನ ಅಕ್ಕ, ಅಕ್ಕನಾಗಮ್ಮ. ಗಂಡ ತೀರಿಕೊಂಡ ಮೇಲೆ ಸ್ಟೇಷನ್ ಹತ್ತಿರದ ಅವರ ಮಂಡಕ್ಕಿ ಭಟ್ಟಿ ತಣ್ಣಗಾಗಿತ್ತು. ತವರಿಗೆ ಬಂದುಬಿಡು ಎಂದು ಕೊಟ್ರಯ್ಯ ಬಂಡಿ ಕಟ್ಟಿಕೊಂಡೇ ಬಂದಿದ್ದ. ಅವಳಿಗೂ ಆಸೆಯಿತ್ತು, ಗಂಟೂ ಕಟ್ಟಿದ್ದಳು. ಆದರೆ ದೇವರನ್ನು ಕೇಳದೆ ಎಮ್ಮೆಯನ್ನೂ ಕೊಂಡವಳಲ್ಲ. ವೀರಭದ್ರನ ಎದೆಗೆ ಒದ್ದೆ ಹೂವು ಅಂಟಿಸಿ ಕೂತಿದ್ದಳು: ಬಲಕ್ಕೆ ಬಿದ್ದರೆ ತವರು, ಎಡಕ್ಕೆ ಬಿದ್ದರೆ ಭಟ್ಟಿ.

"ಏಳಕ್ಕ, ಬಂಡಿ ಹತ್ತು. ಬಲಕ್ಕ ಬಿತ್ತು."

"ಯಾರ ಬಲಕ್ಕ?"

"ಕಣ್ಮುಂದ ಬಿತ್ತಲ್ಲ, ಈ ಕಡೆ."

"ಅದು ನಿನ್ನ ಬಲ. ವೀರಭದ್ರಪ್ಪ ನಿಂತಿರೋದು ನಮ್ಮ ಕಡೆ ಮುಖ ಮಾಡಿ. ಖಡ್ಗ ಹಿಡದ ಕೈ ನೋಡು, ಆ ಕಡೆ ಐತಿ. ಹೂವು ಬಿದ್ದದ್ದು ಗುರಾಣಿ ಕಡೆ."

ಕೊಟ್ರಯ್ಯ ಆಸರೆಗೆಂದು ಪೂಜಾರಿಯ ಮುಖ ನೋಡಿದ. ಪೂಜಾರಿ ರುಮಾಲು ಹಿಂಡುವುದರಲ್ಲಿ ಮಗ್ನನಾಗಿದ್ದ.

"ನಿನಗ ಬರೋ ಮನಸಿಲ್ಲೇನು?"

"ಐತಿ. ಭಾಳ ಐತಿ."

"ಮತ್ತ? ಒಬ್ಬಾಕಿ ಆ ಬೆಂಕಿ ಮುಂದ ಹೆಂಗ ಬದುಕ್ತಿ?"

"ತಿಳಿವಲ್ದು. ನನಗ ಇಲ್ಲಿಂದ ಕಾಣೋದು ಇಷ್ಟೇ. ಅವನಿಗೆ ಅಲ್ಲಿಂದ ಕಾಣ್ತತಿ."

"ಇನ್ನೊಂದ್ಸಲ ಕೇಳೋಣ."

"ಅವನೇನು ನಿನ್ನ ಅಂಗಡಿ ಗುಮಾಸ್ತನೇನ್ಲೇ, ಎರಡೆರಡು ಸಲ ಕೇಳಾಕ?"

ಭಟ್ಟಿ ಹೊತ್ತಿತು. ಮೊದಲ ಮಂಡಕ್ಕಿ ಇದ್ದಿಲಿನಂತೆ ಕರ್ರಗೆ ಬಂತು. ತಿಂದು ನೋಡುವ ಭಾಗ್ಯ ಕೊಟ್ರಯ್ಯನದೇ ಆಯಿತು, ಖಾಲಿ ಬಂಡಿಯಲ್ಲಿ ಊರಿಗೆ ಹೋಗಲು ಮುಖವಿಲ್ಲದೆ ಅಲ್ಲೇ ಉಳಿದಿದ್ದನಲ್ಲ. ಅಂತೂ ಅಕ್ಕನಾಗಮ್ಮನ ಕೈಗೆ ಅಕ್ಕಿ ಅರಳಿಸುವ ಕಾದ ಮರಳಿನ ಹದ ಸಿಕ್ಕಿತು. ಒಂದು ದಿನ ಗುಂತಕಲ್ಲಿನ ರೈಲು ಇಂಜಿನ್ ಕೆಟ್ಟು ಹೊಸಪೇಟೆಯಲ್ಲಿ ನಿಂತುಬಿಟ್ಟಿತು. ಕಿಟಕಿಕಿಟಕಿಯಲ್ಲೂ ಹಸಿದ ಮುಖ. ಅಕ್ಕ ಬುಟ್ಟಿ ತುಂಬಿ ಕೊಟ್ಟಂತೆಲ್ಲ, ಕಲೆಕ್ಟರು ಮಾತಾಡಿಸಿದ್ದ ಗಣ್ಯ ಧೋತರ ಎತ್ತಿಕಟ್ಟಿ "ಬಿಸಿಬಿಸಿ ಮಂಡಕ್ಕಿ" ಎಂದು ರೈಲಿನ ಡಬ್ಬಿಯಿಂದ ಡಬ್ಬಿಗೆ ಓಡಿದ. ಭಟ್ಟಿಯಲ್ಲಿದ್ದದ್ದೆಲ್ಲ ಬರಿದಾಯಿತು, ಕೈಗಳು ಇನ್ನೂ ಚಾಚಿಕೊಂಡೇ ಇದ್ದವು. ಕಂಪ್ಲಿಯಲ್ಲಿ ಇಡೀ ಸುಗ್ಗಿ ಮಾರಿದಾಗಲೂ ಅವನ ಎದೆ ಹೀಗೆ ಕುಣಿದಿರಲಿಲ್ಲ.

ಏದುಸಿರು ಬಿಡುತ್ತ ಬಂದು ಕೇಳಿದ: "ಅಕ್ಕ, ಹಿಂಗಾಗ್ತತಿ ಅಂತ ಆವತ್ತೇ ನಿನಗ ಗೊತ್ತಿತ್ತೇನು?"

ಅಕ್ಕನಾಗಮ್ಮ ಬುಟ್ಟಿ ಕೊಡವಿ ಬೋರಲು ಹಾಕಿದಳು.

"ಗೊತ್ತಿದ್ರ ಅವನನ್ನ ಯಾಕ ಕೇಳ್ತಿದ್ದೆ?"