ಹೆಸರು ಅವರ ಬಾಯಲ್ಲಿ, ಕಥೆ ನನ್ನ ಹೊಟ್ಟೆಯಲ್ಲಿ

ನಾನು ಈ ಮನೆಗೆ ಸೊಸೆಯಾಗಿ ಬಂದು ಐವತ್ತೆರಡು ವರ್ಷವಾಯಿತು. ನನ್ನ ಗಂಡನ ಅಕ್ಕ ಬುರುಲ್ ಸುಮ್ಮನೆ ಕೂತದ್ದನ್ನು ಒಂದು ದಿನವೂ ಕಂಡಿಲ್ಲ. ಕಾಲುವೆಯಾಚೆ ಅವರ ಮನೆ. ಮೊದಲು ಊರಿನ ಸಾಮೂಹಿಕ ದೊಡ್ಡಿಯಲ್ಲಿ ಹಾಲು ಕರೆಯುತ್ತಿದ್ದರು, ಕೇಳಿದಾಗೆಲ್ಲ ಹಸು ಕಾಯ್ತಿವೆ ಅನ್ನುತ್ತಿದ್ದರು. ಆಮೇಲೆ ಆ ದೊಡ್ಡಿ ಮುಚ್ಚಿ ಹಸುಗಳನ್ನು ಮನೆಮನೆಗೆ ಹಂಚಿದರು. ಇನ್ನಾದರೂ ಬಿಡುವು ಸಿಕ್ಕೀತು ಅಂದುಕೊಂಡೆ. ಎಲ್ಲಿಯ ಬಿಡುವು. ಬೆರಣಿ ಒಣಗಿಸಿದರು, ಚಿಂದಿ ಕೂಡಿಸಿ ಕೌದಿ ಹೊಲಿದರು, ಕರೆಯದಿದ್ದರೂ ಹೋಗಿ ಊರವರ ಉಣ್ಣೆ ಬಡಿದುಕೊಟ್ಟರು. ಹಿಮ ಬಿದ್ದು ದಾರಿ ಕಟ್ಟಿ, ಊರೆಲ್ಲ ಒಲೆ ಮುಂದೆ ಕೂತು ಚಹಾ ಕುಡಿಯುವ ತಿಂಗಳಲ್ಲೂ ಆಕೆಗೆ ಏನಾದರೊಂದು ಕೆಲಸ ಸಿಕ್ಕೇ ಸಿಗುತ್ತಿತ್ತು.

ನನಗೆ ಬೇಕಾಗಿದ್ದು ಒಂದೇ. ಮೊಮ್ಮಗಳು ಜಿಬೆಕ್‌ಗೆ ಏಳು ತಂದೆಯರನ್ನು ಅವರು ಹೇಳಿಕೊಡಬೇಕಿತ್ತು. ನಮ್ಮಲ್ಲಿ ಮಗು ತನ್ನ ತಂದೆಯಿಂದ ಹಿಂದಕ್ಕೆ ಏಳು ಹೆಸರು ಹೇಳಬೇಕು. ಹೇಳಲಾರದ ಮಗುವನ್ನು, ಬೇರೆ ಮಂದೆಯಿಂದ ತಪ್ಪಿ ಬಂದ ಮರಿಯನ್ನು ನೋಡಿದ ಹಾಗೆ ನೋಡುತ್ತಾರೆ. ಮೊದಲ ಮೂರನ್ನು ನನ್ನ ಮಗನೇ ಅವಳಿಗೆ ಕಲಿಸಿದ್ದ, ಅವನಿಗೆ ಗೊತ್ತಿದ್ದುದೂ ಅಷ್ಟೇ. ಉಳಿದ ನಾಲ್ಕೂ ನನಗೆ ಗೊತ್ತು. ಆದರೆ ಸೊಸೆಯಾದವಳು ಗಂಡನ ಕಡೆಯ ಹಿರಿಯರ ಹೆಸರನ್ನು ಬಾಯಿ ಬಿಟ್ಟು ಹೇಳುವಂತಿಲ್ಲ. ಎಪ್ಪತ್ತು ದಾಟಿದರೂ ಸೊಸೆ ಸೊಸೆಯೇ. ಬುರುಲ್ ಮನೆಮಗಳು, ಆಕೆಗೆ ಯಾವ ತಡೆಯೂ ಇಲ್ಲ.

ಎಷ್ಟು ಸಲ ಕೇಳಿದೆನೋ ಲೆಕ್ಕವಿಲ್ಲ. ಒಮ್ಮೊಮ್ಮೆ ಶುರುಮಾಡುತ್ತಿದ್ದರು. ನಾಲ್ಕನೆಯವರು ಹೊಳೆಯ ಹತ್ತಿರ ಗಿರಣಿ ಹಾಕಿದರು ಅನ್ನುವಷ್ಟರಲ್ಲಿ, ಅಯ್ಯೋ ಹಾಲು ಉಕ್ಕುತ್ತೆ ಅಂತ ಎದ್ದುಬಿಡುತ್ತಿದ್ದರು. ಹಾಲು ಇಲ್ಲದ ದಿನ ನಾಯಿ ಬೊಗಳುತ್ತಿತ್ತು. ನಾಯಿ ಸುಮ್ಮನಿದ್ದ ದಿನ ಅವರ ಮಂಡಿ ನೋಯುತ್ತಿತ್ತು. ಜಿಬೆಕ್ ಬಾಯಿ ತೆರೆದುಕೊಂಡು ಕೂತಿರುತ್ತಿದ್ದಳು, ನಾನು ಹಲ್ಲು ಕಚ್ಚಿಕೊಂಡು.

ಕೊನೆಗೆ ನಾನೇ ಹೇಳತೊಡಗಿದೆ. ಹೆಸರು ಬಿಟ್ಟು ಕಥೆ ಹೇಳಿದೆ. ನಾಲ್ಕನೆಯವರು ಗಿರಣಿಯವರು, ವಿಧವೆಯರ ಜೋಳವನ್ನು ಮೊದಲು ಬೀಸಿ ಕೊಟ್ಟ ಮೇಲೇ ಮಿಕ್ಕವರ ಚೀಲ ಬಿಚ್ಚುತ್ತಿದ್ದರು. ಐದನೆಯವರು ಜೀನು ಹೊತ್ತವರು, ಪಂದ್ಯದಲ್ಲಿ ಪಣಕ್ಕಿಟ್ಟ ಕುದುರೆಯನ್ನು ಸೋತು ಜೀನನ್ನು ತಲೆಮೇಲೆ ಹೊತ್ತು ಎರಡು ದಿನ ನಡೆದು ಬಂದು, ಹೆಂಡತಿಯ ಮುಂದೆ ಇಳಿಸಿ, ಕುದುರೆ ಹಿಂದೆ ಬರ್ತಿದೆ ಅಂದರಂತೆ. ಆರನೆಯವರು ತೋಳ ಸಾಕಿದವರು. ಏಳನೆಯವರು ಕಣಿವೆ ದಾಟಿದವರು, ಎತ್ತಿನ ಬೆನ್ನಿಗೆ ತೊಟ್ಟಿಲು ಕಟ್ಟಿ ಹಿಮದಲ್ಲಿ ಈ ಕಡೆಗೆ ಬಂದವರು. ಐವತ್ತು ವರ್ಷ ಹಾಗೇ ಕರೆದು ನನ್ನ ಕಿವಿಗೆ ಅವೇ ಹೆಸರಾಗಿಬಿಟ್ಟಿದ್ದವು. ಅವು ಹೆಸರಲ್ಲ ಅಂತ ಮಗುವಿಗೆ ಹೇಳಬೇಕು ಅನ್ನುವುದು ನನಗೆ ಹೊಳೆಯಲೇ ಇಲ್ಲ.

ಕಳೆದ ಶರತ್ಕಾಲದಲ್ಲಿ ಪಕ್ಕದ ಬೀದಿಯಲ್ಲಿ ಡೇರೆ ಹಾಕಿ ತೊಟ್ಟಿಲ ಊಟ ಇಟ್ಟಿದ್ದರು, ಹೊಸ ಕೂಸನ್ನು ತೊಟ್ಟಿಲಿಗೆ ಹಾಕುವ ಹಬ್ಬ. ಹಿರಿಯರೊಬ್ಬರು ಜಿಬೆಕ್‌ಳನ್ನು ಮುಂದೆ ಕರೆದು ಏಳು ತಂದೆಯರನ್ನು ಹೇಳಮ್ಮ ಅಂದರು. ಎಂಟು ವರ್ಷದ ಹುಡುಗಿ, ಎದೆಯುಬ್ಬಿಸಿ ನಿಂತಳು. ಮೂರು ಹೆಸರು ಸರಿಯಾಗಿ ಹೇಳಿದಳು. ಆಮೇಲೆ ಅದೇ ದನಿಯಲ್ಲಿ, "ಗಿರಣಿಯವರು, ಜೀನು ಹೊತ್ತವರು, ತೋಳ ಸಾಕಿದವರು, ಕಣಿವೆ ದಾಟಿದವರು" ಅಂದಳು.

ಇಡೀ ಡೇರೆ ನಕ್ಕಿತು. ಸೊಸೆ ಸಾಕಿದ ಮಗು ಅಂತ ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಬುರುಲ್, ಕಣ್ಣೀರು ಒರೆಸಿಕೊಳ್ಳುತ್ತ. ಜಿಬೆಕ್ ಕೈಲಿದ್ದ ಕರಿದ ಹಿಟ್ಟಿನ ತುಂಡನ್ನು ಎಸೆದು ಓಡಿಹೋದಳು. ಅಂದಿನಿಂದ ನಾನು ಕಥೆ ಶುರುಮಾಡಿದರೆ ಎದ್ದು ಬೇರೆ ಕೋಣೆಗೆ ಹೋಗುತ್ತಿದ್ದಳು. ನೀನು ಸುಳ್ಳು ಹೇಳ್ತೀಯ ಅಂದಳು ಒಂದು ದಿನ. ಆ ಮಾತು ಇನ್ನೂ ಚುಚ್ಚುತ್ತದೆ.

ಚಳಿಗಾಲ ಬಂತು. ಜಿಬೆಕ್‌ಳ ಮದುವೆಗೆ ಅಂತ ಈಗಲೇ ಒಂದು ಶಿರ್ದಾಕ್ ನೆಲಹಾಸು ಮಾಡಿಡೋಣ ಅಂತ ಬುರುಲ್ ಕಪ್ಪು ಉಣ್ಣೆಯ ಹಾಸು, ಕೆಂಪು ಉಣ್ಣೆಯ ಹಾಸು ಎರಡನ್ನೂ ಹೊತ್ತು ತಂದರು. ಎರಡನ್ನೂ ಒಂದೇ ನಮೂನೆಗೆ ಕತ್ತರಿಸಿ ಒಂದರೊಳಗೊಂದು ಕೂಡಿಸಿ ಹೊಲಿಯಬೇಕು. ಎರಡು ತಿಂಗಳ ಕೆಲಸ. ಸಾಬೂನಿನ ಚೂರಿನಿಂದ ಕಪ್ಪು ಹಾಸಿನ ಮೇಲೆ ಟಗರಿನ ಕೊಂಬಿನ ಗೆರೆ ಎಳೆಯುತ್ತ ಆಕೆ ಮತ್ತೆ ಆ ಊಟದ ಮಾತು ತೆಗೆದರು. "ಜೀನು ಹೊತ್ತವರಂತೆ! ಏನು ಸೊಸೆಯಪ್ಪ ನೀನು, ನಮ್ಮಪ್ಪನ ಮಾನ ಕಳೆದೆ."

ಅಷ್ಟು ವರ್ಷ ನುಂಗಿದ್ದು ಅವತ್ತು ಹೊರಬಂತು. ಕತ್ತರಿ ಕೆಳಗಿಟ್ಟೆ. "ನಿಮಗೆ ನಾಲಿಗೆ ಇತ್ತಲ್ಲ ಅಕ್ಕ. ಇಷ್ಟು ಚಳಿಗಾಲ ಎಲ್ಲಿಟ್ಟಿದ್ರಿ ಅದನ್ನ? ಒಂದು ಸಲ ಕೂತು ಪೂರಾ ಹೇಳಿದ್ರೆ ಆ ಮಗು ಅಳ್ತಿರಲಿಲ್ಲ."

ಬುರುಲ್ ಗೆರೆ ಎಳೆಯುವುದನ್ನು ನಿಲ್ಲಿಸಿದರು. ಆಮೇಲೆ ನನ್ನ ಮುಖ ನೋಡದೆ, "ಪೂರಾ ಗೊತ್ತಿದ್ರೆ ಹೇಳ್ತಿರಲಿಲ್ವೇನೇ?" ಅಂದರು.

ಅವರಿಗೆ ಹೆಸರು ಗೊತ್ತು, ಕಥೆ ಗೊತ್ತಿಲ್ಲ. ಬರೀ ಹೆಸರು ಹೇಳಿದರೆ ಅವರು ಯಾರು ಅಂತ ಮಗು ಕೇಳೀತು ಅನ್ನುವ ಅಂಜಿಕೆ. ಮಾವನವರು ಕಥೆ ಹೇಳುವ ಹೊತ್ತಿಗೆ ಮಗಳು ಕುರಿಯ ಹಿಂದೆಯೋ, ನೀರಿಗೋ, ಹಸುವಿನ ಕೆಳಗೋ ಇರುತ್ತಿದ್ದಳು. ಬಾಗಿಲ ಬಳಿ ಕೂತು ಚಹಾ ಬಗ್ಗಿಸುತ್ತ ಎಲ್ಲವನ್ನೂ ಕೇಳಿಸಿಕೊಂಡವಳು ನಾನು. ಗೊತ್ತಿರುವಷ್ಟು ಮುಗಿದ ಕೂಡಲೇ ಅವರ ಹಾಲು ಉಕ್ಕುತ್ತಿತ್ತು. ನನಗೆ ಪಾಪ ಅನ್ನಿಸಲಿಲ್ಲ, ಸಿಟ್ಟೇ ಬಂತು. ಮೊದಲೇ ಹೇಳಿದ್ದರೆ ಇಬ್ಬರೂ ಸೇರಿ ಇಷ್ಟೊತ್ತಿಗೆ ಮಗುವಿಗೂ ಮಗನಿಗೂ ಕಲಿಸಿಬಿಡಬಹುದಿತ್ತು.

"ಈಗ ಹೇಳಿ. ನೀವು ಹೆಸರು, ನಾನು ಕಥೆ" ಅಂದೆ. ಒಳಗಿನ ಕೋಣೆಗೆ ಕೇಳಲಿ ಅಂತ ಸ್ವಲ್ಪ ಜೋರಾಗಿಯೇ ಅಂದೆ.

ನಾಲ್ಕನೆಯದು ಹೇಳಿದರು, ನಾನು ಗಿರಣಿ ತಿರುಗಿಸಿದೆ. ಐದನೆಯದು, ಆರನೆಯದು. ಬಾಗಿಲ ಸಂದಿಯಲ್ಲಿ ಜಿಬೆಕ್‌ಳ ಕಾಲ್ಬೆರಳು ಕಂಡವು. ಏಳನೆಯದಕ್ಕೆ ಬಂದಾಗ ಬುರುಲ್ ಬಾಯಿ ತೆರೆದರು, ಮುಚ್ಚಿದರು. ಹಣೆ ತಟ್ಟಿಕೊಂಡರು. ಮರೆತುಹೋಗಿತ್ತು. "ನಿನಗೆ ಗೊತ್ತಲ್ವಾ, ನೀನೇ ಹೇಳೇ. ಯಾರು ಕೇಳ್ತಾರೆ ಈಗ" ಅಂದರು.

ಹೇಳಬೇಕು ಅಂತ ಬಾಯಿ ತೆರೆದೆ. ಹೆಸರು ಹೊರಬರಲಿಲ್ಲ. ಎಂದೋ ತೀರಿಹೋದ ಮಾವನವರು ಆ ಮೂಲೆಯಲ್ಲಿ ಕೂತಿದ್ದಾರೇನೋ ಅನ್ನಿಸಿತು. ನನ್ನ ಮೇಲೆ ನನಗೇ ರೇಗಿತು. ಬುರುಲ್ ಕೈಲಿದ್ದ ಸಾಬೂನಿನ ಚೂರು ತಗೊಂಡು, ನಾಲ್ಕನೇ ತರಗತಿಗೇ ಓದು ಬಿಟ್ಟ ನನ್ನ ವಕ್ರ ಅಕ್ಷರಗಳಲ್ಲಿ ಕಪ್ಪು ಹಾಸಿನ ಮೇಲೆ ಬರೆದೆ. ಸೊಸೆಯ ನಾಲಿಗೆಗೆ ತಡೆ ಹಾಕಿದವರು ಕೈಗೆ ಏನೂ ಹೇಳಿರಲಿಲ್ಲ.

ಬುರುಲ್ ಬಗ್ಗಿ ನೋಡಿದರು. ಕನ್ನಡಕ ಮನೆಯಲ್ಲೇ ಬಿಟ್ಟು ಬಂದಿದ್ದರು. ಅದಕ್ಕೂ ಬಿಡುವಿರಲಿಲ್ಲ ಅನ್ನಿಸುತ್ತದೆ.

ಜಿಬೆಕ್ ಬಂದು ಹಾಸಿನ ಪಕ್ಕ ಮಂಡಿಯೂರಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿದಳು. "ಎಸೆನ್‌ಬಾಯ್" ಅಂದಳು. ಆಮೇಲೆ ನನ್ನ ಕಡೆ ತಿರುಗಿ, "ಇವರೇನಾ ಕಣಿವೆ ದಾಟಿದವರು? ತೊಟ್ಟಿಲಲ್ಲಿ ಇದ್ದಿದ್ದು ಯಾರು ಹಾಗಾದ್ರೆ?"

ನಾನು ಉತ್ತರಕ್ಕೆ ಬಾಯಿ ತೆರೆಯುವಷ್ಟರಲ್ಲಿ ಬುರುಲ್ ಮಂಡಿ ಹಿಡಿದುಕೊಂಡು ಏಳಲು ಹೊರಟರು, ಹಾಲು ಅಂದರು. ಅವರ ಲಂಗದ ಅಂಚು ಹಿಡಿದು ಕೂರಿಸಿದೆ. ಉಕ್ಕಲಿ ಬಿಡಿ ಅಂದೆ.