ಹೀಟರಿನೊಳಗಿನ ಅರಿಶಿನ

ನನ್ನ ಕಾರಿನ ಹೀಟರಿನೊಳಗೆ ಅರಿಶಿನ ಇತ್ತು. ಇದನ್ನು ನಾನೇ ಹೇಳಿಬಿಡುವುದು ವಾಸಿ; ಚಿತ್ರದುರ್ಗದಲ್ಲಿ ನನ್ನನ್ನು ಬಲ್ಲವರೆಲ್ಲ ಈಗಾಗಲೇ ಬೇರೆಯವರ ಬಾಯಿಂದ ಕೇಳಿಯಾಗಿದೆ. ಮೆಕ್ಯಾನಿಕ್ ಮೆಹಬೂಬ್ ಪೈಪು ಬಿಚ್ಚಿದಾಗ ಹಳದಿ ಕೆಸರು ಅವನ ಅಂಗೈ ಮೇಲೆ ಬಿತ್ತು. ಮೂಸಿ ನೋಡಿದ.

"ಏನ್ ಮೇಡಂ, ಎಂಜಿನ್ನಿಗೆ ಅರಿಶಿನ ಹಚ್ಚಿ ಮದುವೆ ಮಾಡಿದ್ರೇನ್ರಿ?"

"ಮದುವೆ ಅಲ್ಲಪ್ಪ, ನಾಮಕರಣ" ಎಂದೆ.

ಅವನು ನಕ್ಕು ಮುಗಿಸುವವರೆಗೆ ಕಾದೆ. ಆಮೇಲೆ ಅವನದೊಂದು ಸಲಹೆ ಬಂತು. "ನಮ್ಮ ದುರ್ಗದಾಗೆ ಹೀಟರ್ ಯಾಕ್ ಬೇಕ್ರಿ? ಬಿಸಿಲು ಪುಗಸಟ್ಟೆ ಐತೆ. ಎರಡೂ ಪೈಪು ಒಂದಕ್ಕೊಂದು ಸೇರಿಸಿ ಬಿಡ್ತೀನಿ, ತಲೆನೋವೇ ಇರಲ್ಲ." ನಾನು ಒಪ್ಪಲಿಲ್ಲ. ಕಾರಿನಲ್ಲಿ ಇರುವ ಸಾಮಾನು ಕೆಲಸ ಮಾಡಬೇಕು. ಪೈಪಿಗೆ ಹಿಂದುಮುಂದಾಗಿ ನೀರು ಬಿಟ್ಟು, ತಿಳಿ ನೀರು ಬರುವವರೆಗೆ ತೊಳೆಸಿ, ರೇಡಿಯೇಟರಿನ ಸೀಳಿಗೆ ಬೆಸುಗೆ ಹಾಕಿಸಿಕೊಂಡೇ ಮನೆಗೆ ಬಂದೆ.

ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿ ಆಯುಷ್ಯ ಕಳೆದವಳು ನಾನು. ಗಂಟೆ ಹೊಡೆಯದಿದ್ದರೆ ಹಸಿವೂ ಆಗದಷ್ಟು ಅಭ್ಯಾಸವಾಗಿಬಿಟ್ಟಿದೆ. ನಿವೃತ್ತಿಯ ನಂತರ ನನ್ನ ಆಜ್ಞೆಗೆ ಸಿಕ್ಕಿದ್ದು ಈ ಹಳೇ ಕಾರು ಒಂದೇ. ಕಾಫಿಗೆ ಮುಂಚೆ ಅದರ ನೀರು ನೋಡುತ್ತೇನೆ, ಅಡಿಯಲ್ಲಿ ಹನಿ ಬಿದ್ದಿದೆಯೇ ಎಂದು ಬಗ್ಗಿ ನೋಡುತ್ತೇನೆ. ರಸ್ತೆಗೆ ಇಳಿದ ಮೇಲೆ ಒಂದು ಕಣ್ಣು ದಾರಿಯ ಮೇಲೆ, ಒಂದು ಕಣ್ಣು ಬಿಸಿ ತೋರಿಸುವ ಮುಳ್ಳಿನ ಮೇಲೆ. ಮುಳ್ಳು ನಡುವೆ ನಿಂತಿದ್ದರೂ ನನಗೆ ಸಮಾಧಾನವಿಲ್ಲ. ಏರಲು ಹೊಂಚು ಹಾಕುತ್ತಿದೆಯೇನೋ ಅನ್ನಿಸುತ್ತದೆ.

ಹೀಟರಿನೊಳಗೆ ಪುಟ್ಟ ಒಲೆಯೊಂದು ಇರುತ್ತದೆಂದು ನಾನು ಬಹಳ ಕಾಲ ನಂಬಿದ್ದೆ. ಹಾಗಲ್ಲವಂತೆ. ಎಂಜಿನ್ನಿನ ಬಿಸಿನೀರೇ ಒಂದು ಸಣ್ಣ ಜಾಲರಿಯ ಮೂಲಕ ಹಾದುಹೋಗುತ್ತದೆ, ಫ್ಯಾನು ಆ ಬಿಸಿಯನ್ನು ನಮ್ಮ ಕಾಲಿಗೆ ಊದುತ್ತದೆ, ಅಷ್ಟೇ. ಆದ್ದರಿಂದ ಎಂಜಿನ್ನು ಕುದಿಯತೊಡಗಿದರೆ ಹೀಟರನ್ನು ಪೂರ್ತಿ ಹಾಕಬೇಕು. ಅದರ ತಾಪದಲ್ಲಿ ಒಂದು ಪಾಲು ನಾವು ಹೊತ್ತುಕೊಂಡಂತೆ. ಓದುವಾಗ ಎಷ್ಟು ಉದಾತ್ತವಾದ ಮಾತು! ಏಪ್ರಿಲ್ ತಿಂಗಳಲ್ಲಿ, ರೇಷ್ಮೆ ಸೀರೆ ಉಟ್ಟು, ಹೊಳಲ್ಕೆರೆ ದಾಟಿದ ಮೇಲೆ ಅದನ್ನು ಆಚರಣೆಗೆ ತರಬೇಕಾಗಿ ಬಂತು.

ಹೊಸದುರ್ಗದಲ್ಲಿ ತಮ್ಮ ತಿಪ್ಪೇಸ್ವಾಮಿಯ ಮೊಮ್ಮಗುವಿಗೆ ಅವತ್ತು ನಾಮಕರಣ. ಮಗುವಿನ ಕಿವಿಯಲ್ಲಿ ಹೆಸರು ಉಸುರುವ ಹಕ್ಕು ಸೋದರತ್ತೆಯದು. ಮಗುವಿನ ಅಪ್ಪನಿಗೆ ಅಕ್ಕತಂಗಿಯರಿಲ್ಲ. ಹಾಗಾಗಿ ಆ ಜಾಗ ಅವನ ಸೋದರತ್ತೆಯಾದ ನನಗೆ ಬಂದಿತ್ತು. ನನಗೆ ಮಕ್ಕಳಿಲ್ಲ, ಮದುವೆಯೂ ಆಗಲಿಲ್ಲ. ಒಂದು ಮಗುವಿಗೆ ಮೊದಲ ಸಲ ಅದರ ಹೆಸರು ಹೇಳುವವಳು ನಾನಾಗುತ್ತೇನೆ ಎಂಬುದು ಆ ವಾರವಿಡೀ ನನಗೆ ನಿದ್ದೆ ಕೊಟ್ಟಿರಲಿಲ್ಲ. ರಾಹುಕಾಲಕ್ಕೆ ಮುಂಚೆ ಮುಗಿಯಬೇಕು. ನಾನು ಹೋಗದಿದ್ದರೆ ಚಿಕ್ಕಪ್ಪನ ಮಗಳು ಸರೋಜ ಇದ್ದಾಳೆ. ಸರೋಜ ಎಲ್ಲಿಗೂ ಎಲ್ಲರಿಗಿಂತ ಮುಂಚೆ ಹೋಗುವವಳು.

ನನ್ನ ಜೊತೆ ಹಾಸ್ಟೆಲಿನ ಅಡುಗೆಯವಳಾಗಿದ್ದ ಶಾಂತಮ್ಮ ಇದ್ದಳು. ಮುಳ್ಳು ಏರಿತು, ನಾನು ಹೀಟರ್ ಹಾಕಿದೆ. ಕಾಲಿನಿಂದ ಬಿಸಿಗಾಳಿ, ಕಿಟಕಿಯಿಂದ ಬಿಸಿಗಾಳಿ.

"ಮೇಡಂನೋರೆ, ನಾಮಕರಣಕ್ಕೆ ಹೊಂಟೀವೋ, ಮುದ್ದೆ ಬೆಂದಂಗೆ ಬೇಯಾಕೆ ಹೊಂಟೀವೋ?"

"ಸುಮ್ಮನಿರು ಶಾಂತಮ್ಮ, ಮುಳ್ಳು ನೋಡುತ್ತಿದ್ದೇನೆ."

"ನೀವು ನೋಡಿದ್ರೆ ಅದು ಇಳೀತೈತಾ? ಅದೇನು ಹಾಸ್ಟೆಲ್ ಹುಡುಗೀನಾ?"

ಇಳಿಯಲಿಲ್ಲ. ಬಾನೆಟ್ಟಿನಿಂದ ಹಬೆ ಬಂತು. ಒಂದು ಬೇವಿನ ಮರದ ಕೆಳಗೆ ನಿಲ್ಲಿಸಿ ನೋಡಿದರೆ ರೇಡಿಯೇಟರಿನ ಕೆಳಗಿನಿಂದ, ಎಂಜಿನ್ನನ್ನು ತಣ್ಣಗಿಡುವ ಹಸಿರು ಕೂಲೆಂಟ್ ತೊಟ್ಟಿಕ್ಕುತ್ತಿತ್ತು. ನಾನು ಮುಚ್ಚಳಕ್ಕೆ ಕೈ ಹಾಕಿದೆ. ಶಾಂತಮ್ಮ ಕೈ ಹಿಡಿದು ಎಳೆದಳು. ಅವಳ ಗಂಡ ಲಾರಿ ಡ್ರೈವರಾಗಿದ್ದವನು. ಆರುವ ಮುಂಚೆ ಮುಚ್ಚಳ ತೆಗೆದರೆ ಕುದಿನೀರು ಮುಖಕ್ಕೆ ಹಾರುತ್ತದೆಂದು ಅವಳಿಗೆ ಗೊತ್ತು. ಕಾಯಬೇಕು. ಕಾಯುವುದಕ್ಕೆ ನನ್ನ ದಿನಚರಿಯಲ್ಲಿ ಯಾವತ್ತೂ ಜಾಗವಿರಲಿಲ್ಲ.

ಅಷ್ಟರಲ್ಲಿ ಒಂದು ಕುರಿಮಂದೆ ಬಂತು. ಕೂಲೆಂಟ್ ಸಿಹಿ, ಆದರೆ ವಿಷ. ಒಂದು ಮರಿ ನೇರವಾಗಿ ಹಸಿರು ನೀರಿಗೇ ಮೂತಿ ಚಾಚಿತು. ರೇಷ್ಮೆ ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಎರಡೂ ಕೈಯಲ್ಲಿ ಆ ನೀರಿನ ಮೇಲೆ ಮಣ್ಣು ಎಳೆದೆ, ಮರಿಯನ್ನು ಅಟ್ಟಿದೆ. ಕುರಿ ಕಾಯುವ ಅಜ್ಜ ಬೆರಗಾಗಿ ನಿಂತ. ವಿಷಯ ತಿಳಿದ ಮೇಲೆ ನೀರಿನ ಕೊಡ ಇಳಿಸಿದ.

"ಕಾರಿಗೆ ಹಾಕೋಣ ಕೊಡಿ" ಎಂದೆ.

"ಮೊದ್ಲು ನೀವು ಕುಡೀರವ್ವ. ಆಮ್ಯಾಲೆ ಅದಕ್ಕೆ ಕುಡಿಸ್ರಿ. ಅದಕ್ಕೇನು ಬಾಯಾರಿಕೆ ಹೇಳಾಕೆ ಬರುತ್ತಾ?"

ಆಗಲೇ ತಿಪ್ಪೇಸ್ವಾಮಿಯ ಫೋನು. "ಅಕ್ಕಾ, ಎಲ್ಲಿದೀಯ? ರಾಹುಕಾಲ ಹತ್ರ ಬಂತು. ನೀನು ಗಾಬರಿ ಆಗಬ್ಯಾಡ, ಹೆಂಗೂ ಸರೋಜ ಬಂದೈದಾಳೆ."

ಗಾಬರಿ ಆಗಬೇಡ ಎಂಬ ಮಾತಿನಷ್ಟು ಗಾಬರಿ ಹುಟ್ಟಿಸುವ ಮಾತು ಕನ್ನಡದಲ್ಲಿ ಇನ್ನೊಂದಿಲ್ಲ. ನೀರು ಹಾಕಿದರೂ ಸೋರಿ ಹೋಗುತ್ತದೆ. ಆಗ ಶಾಂತಮ್ಮನ ಕಣ್ಣು ಹಿಂದಿನ ಸೀಟಿನ ತಟ್ಟೆಯ ಮೇಲೆ ಬಿತ್ತು. ಮಗುವಿಗೆ ಬಟ್ಟೆ, ಎಲೆ ಅಡಿಕೆ, ಕುಂಕುಮ, ಅರಿಶಿನದ ಪೊಟ್ಟಣ. "ನಮ್ಮ ಯಜಮಾನ್ರು ಸೋರೋ ರೇಡಿಯೇಟರಿಗೆ ಅರಿಶಿನ ಹಾಕೋರು. ಒಂದು ಚಮಚ ಸಾಕು, ತೂತಿಗೆ ಹೋಗಿ ಕುಂತ್ಕಂತೈತೆ."

ನಮ್ಮ ಜನ ಅರಿಶಿನದ ಮೇಲಿಟ್ಟ ನಂಬಿಕೆಗೆ ಮಿತಿಯಿಲ್ಲ. ಕೊಯ್ದ ಬೆರಳಿಗೆ, ಕೆಮ್ಮುವ ಗಂಟಲಿಗೆ, ಹೊಸ್ತಿಲಿಗೆ, ಮದುಮಗಳ ಕೆನ್ನೆಗೆ ಒಂದೇ ಮದ್ದು. ರೇಡಿಯೇಟರ್ ಏನು ಪಾಪ ಮಾಡಿತ್ತು? ಆರಿದ ಮೇಲೆ ಮುಚ್ಚಳ ತೆಗೆದು ಒಂದು ಚಮಚದಷ್ಟು ಹಾಕಿದೆವು. ಅಲ್ಲಿಗೆ ನಿಲ್ಲಿಸಿದ್ದರೆ ಮೆಹಬೂಬನಿಗೆ ನಗುವ ಅವಕಾಶವೇ ಇರುತ್ತಿರಲಿಲ್ಲ. ಆದರೆ ಪೊಟ್ಟಣ ಒಡೆದಾಗಿತ್ತು. ಶುಭಕಾರ್ಯಕ್ಕೆ ಒಡೆದ ಅರಿಶಿನ ಕೊಡಬಾರದು ಎಂದಳು ಶಾಂತಮ್ಮ. ಚೆಲ್ಲಲೂಬಾರದು ಎಂದೆ ನಾನು. ಇಬ್ಬರು ಶಿಸ್ತಿನ ಹೆಂಗಸರು ಮುಖ ಮುಖ ನೋಡಿಕೊಂಡು ಪೊಟ್ಟಣ ಪೂರ್ತಿ ರೇಡಿಯೇಟರಿಗೆ ಸುರಿದೆವು. ಮೇಲೆ ಅಜ್ಜನ ಕೊಡದ ನೀರು.

ಸೋರುವುದು ನಿಂತಿತು. ಹೆದರಿಕೆ ನಿಲ್ಲದ ಕಾರಣ ನಾನು ಹೀಟರ್ ಆರಿಸಲಿಲ್ಲ. ಅರಿಶಿನ ಜಾಲರಿಗೆ ದಾರಿ ಕಂಡುಕೊಂಡದ್ದು ಹೀಗೆ. ಹೊಸದುರ್ಗದ ಅಂಗಡಿಯಲ್ಲಿ ಹೊಸ ಪೊಟ್ಟಣ ಕೊಳ್ಳಲು ಇನ್ನಷ್ಟು ತಡ. ಅಂಗಡಿಯವನು ಚಿಲ್ಲರೆ ಹುಡುಕುತ್ತಿದ್ದಾಗ ಸರೋಜ ತೊಟ್ಟಿಲ ಮೇಲೆ ಬಗ್ಗುತ್ತಿರುವುದು ಕಣ್ಣಿಗೆ ಕಟ್ಟಿತ್ತು. ಚಿಲ್ಲರೆ ಬಿಟ್ಟು ಓಡಿದೆ.

ಬೆವರು, ಮಣ್ಣು, ಹಳದಿ ಕೈ ಹೊತ್ತು ಒಳಗೆ ಹೋದರೆ ನಡುಮನೆಯಲ್ಲಿ ಸರೋಜ ಕೂತಿದ್ದಾಳೆ. ತೊಡೆಯ ಮೇಲೆ ಮಗು. ಹೆಸರು ಕರೆದಾಯಿತು ಅಂದುಕೊಂಡೆ.

"ಬಂದ್ಯೇನವ್ವ ತಾಯಿ!" ಎಂದು ಅವಳು ಕೂಗಿದಳು. "ಎಲ್ರೂ ತೊಟ್ಟಿಲಿಗೆ ಹಾಕು, ಹಾಕು ಅಂತ ಜೀವ ತಿಂದ್ರು. ಹಾಕಿದ್ರೆ ಹೆಸರು ಕರೀಬೇಕಲ್ಲ? ಅದಕ್ಕೆ ಯಾರಿಗೂ ಕೊಡ್ದೆ ಹಿಡ್ಕಂಡು ಕುಂತಿದೀನಿ. ಎರಡು ಸಲ ನನ್ನ ಸೀರೆ ಒದ್ದೆ ಮಾಡೈತೆ ನಿನ್ನ ಮೊಮ್ಮಗು."

ರಾಹುಕಾಲ ಬಾಗಿಲಿಗೆ ಬರುವಷ್ಟರಲ್ಲಿ ಮಗು ತೊಟ್ಟಿಲಿನಲ್ಲಿತ್ತು. ನಾನು ಬಗ್ಗಿ, ಆ ಅಂಗೈಯಷ್ಟಗಲದ ಮುಖದ ಪಕ್ಕದಲ್ಲಿ ಹೆಸರು ಹೇಳಿದೆ. ಮಗು ಆಕಳಿಸಿತು.

ಹೆಸರು ಕರೆಯುವವಳ ಬೆನ್ನಿಗೆ ಸುತ್ತಲಿನ ಹೆಂಗಸರು ಗುದ್ದುವುದು ನಮ್ಮ ಮನೆತನದ ಪದ್ಧತಿ. ಮುಟ್ಟಿದ ಶಾಸ್ತ್ರ ಮಾಡಿದರೆ ಸಾಕು, ಎಲ್ಲರೂ ಹಾಗೇ ಮಾಡಿದರು. ಸರೋಜ ಮಾತ್ರ ಬೆಳಗಿನಿಂದ ಕಾದ ಹೊತ್ತನ್ನೆಲ್ಲ ಮುಷ್ಟಿಯಲ್ಲಿ ಹಿಡಿದು ಒಂದು ಕೊಟ್ಟಳು. ತಡವಾಗಿ ಬಂದ ಹುಡುಗಿಯರನ್ನು ವರ್ಷಗಟ್ಟಲೆ ಗೇಟಿನಾಚೆ ನಿಲ್ಲಿಸಿದವಳು ನಾನು. ಒಳಗೆ ಕರೆದು, ಅವರ ಜಾಗ ಅವರಿಗೆ ಕೊಟ್ಟು, ಆಮೇಲೆ ಗುದ್ದಬಹುದೆಂದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.